ಜ್ವರ ಇಳಿದ ಮೇಲೆ ಹೃದಯದ ಚಿಂತೆ: ಸಂಶೋಧನೆಗಳು ಹೇಳುವುದೇನು?



ಕಳೆದ ಹುಣ್ಣಿಮೆಯಂದು ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುತ್ತಿದ್ದಾಗ ಆರ್.ಎಚ್. ಕ್ಯಾಂಪಿನ ಹಿರಿಯ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಸಾಹೇಬ್ರ, ಕೊರೊನಾ ಸೂಜಿ ಹಾಕಿಸಿಕೊಂಡವರಿಗೆ ಹಾರ್ಟ್ ನಿಂತು ಬಿಡತದಂತ, ಖರೇ ಏನ್ರಿ?” ಅವರ ಮಗನಿಗೆ ನಲವತ್ತು ದಾಟಿದೆ. ಎರಡು ವರ್ಷಗಳಿಂದ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದವನು ಮೊಬೈಲಿನಲ್ಲಿ ಏನನ್ನೋ ನೋಡಿ ಇಂಗ್ಲಿಷ್ ಔಷಧದ ಸಹವಾಸವೇ ಬೇಡವೆಂದು ನಿರ್ಧರಿಸಿ, ಮೂರು ತಿಂಗಳಿನಿಂದ ಅರ್ಜುನ ತೊಗಟೆಯ ಕಷಾಯವನ್ನಷ್ಟೇ ಕುಡಿಯುತ್ತಿದ್ದಾನಂತೆ. ಮರುದಿನ ಕರೆಸಿ ನೋಡಿದೆ. ರಕ್ತದೊತ್ತಡ 170/110 ಇತ್ತು. ಆತನಿಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಯಾವ ತೊಂದರೆಯೂ ಇಲ್ಲ. “ಆರಾಮ ಇದ್ದೀನ್ರಿ” ಎಂದ.

ಆ ತಾಯಿಯ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಸಾಂಕ್ರಾಮಿಕ ಜ್ವರಕ್ಕೂ ಹೃದಯಕ್ಕೂ ಸಂಬಂಧವುಂಟೇ? ಲಸಿಕೆಗೂ ಹಠಾತ್ ಮರಣಕ್ಕೂ ಸಂಬಂಧವುಂಟೇ? ನಮ್ಮ ಗಿಡಮೂಲಿಕೆಗಳು ಇಲ್ಲಿ ಎಷ್ಟರಮಟ್ಟಿಗೆ ನೆರವಾಗುತ್ತವೆ? ಆಯುರ್ವೇದ ವೈದ್ಯನಾದ ನಾನು ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸಿ ಸುಮ್ಮನಾಗಬಹುದಿತ್ತು. ಆದರೆ ಮೊದಲೆರಡನ್ನು ಬಿಟ್ಟರೆ ಮೂರನೆಯದಕ್ಕೆ ಅರ್ಥವಿರುವುದಿಲ್ಲ.

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಬಂದ ಸುದ್ದಿಗಳು ನಾಡನ್ನೇ ನಡುಗಿಸಿದವು. ಹರೆಯದವರು, ನಡುವಯಸ್ಸಿನವರು ಒಬ್ಬರ ಹಿಂದೊಬ್ಬರಂತೆ ಹೃದಯಾಘಾತದಿಂದ ತೀರಿಕೊಂಡರೆಂದು ಪತ್ರಿಕೆಗಳು ದಿನವೂ ಬರೆದವು. ರಾಜ್ಯ ಸರ್ಕಾರವು ಬೆಂಗಳೂರಿನ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿ ಪರಿಶೀಲಿಸಿದ ಮರಣಗಳು 24. ಅವುಗಳಲ್ಲಿ 4 ಮರಣಗಳಿಗೆ ಹೃದಯವು ಕಾರಣವೇ ಅಲ್ಲ. ಉಳಿದ 20 ಮಾತ್ರ ಹೃದ್ರೋಗದಿಂದ ಅಥವಾ ಬಹುಶಃ ಹೃದ್ರೋಗದಿಂದ ಆದವು. ಸತ್ತವರಲ್ಲಿ ಆಟೋ ಮತ್ತು ಕಾರು ಚಾಲಕರು ಹಲವರಿದ್ದರು ಎಂಬುದನ್ನು ಸಮಿತಿ ವಿಶೇಷವಾಗಿ ಗುರುತಿಸಿತು. ಹೊತ್ತಿಲ್ಲದ ಹೊತ್ತಿನ ಊಟ, ನಿದ್ರೆಗೇಡು, ಹೊಗೆ, ತಂಬಾಕು, ಇಡೀ ದಿನ ಕುಳಿತೇ ಮಾಡುವ ಕೆಲಸ ಇವೆಲ್ಲ ಆ ಕಾಯಕದ ಜೊತೆಗೇ ಬರುತ್ತವೆ. ಸಿಂಧನೂರಿನಿಂದ ಮಸ್ಕಿಗೆ, ಲಿಂಗಸೂಗೂರಿಗೆ ರಾತ್ರಿಯೆಲ್ಲ ಭತ್ತದ ಲಾರಿ ಓಡಿಸುವ ನಮ್ಮ ಹುಡುಗರ ಬದುಕೂ ಇದಕ್ಕಿಂತ ಬೇರೆಯಲ್ಲ.

ಇದೇ ಸಂದರ್ಭದಲ್ಲಿ ಜಯದೇವ ಸಂಸ್ಥೆಯು 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತನ್ನಲ್ಲಿಗೆ ಬಂದ, 45 ವರ್ಷದೊಳಗಿನ 251 ಮಂದಿ ಹೃದ್ರೋಗಿಗಳನ್ನು ವಿಚಾರಿಸಿತು. ಅವರಲ್ಲಿ 111 ಮಂದಿ ಧೂಮಪಾನಿಗಳು. 102 ಮಂದಿಗೆ ರಕ್ತದೊತ್ತಡ, 87 ಮಂದಿಗೆ ಸಕ್ಕರೆ ಕಾಯಿಲೆ. ಈ ಹಿಂದೆ ಕೋವಿಡ್ ಬಂದಿತ್ತೆಂದು ತಿಳಿದುಬಂದದ್ದು 19 ಮಂದಿಗೆ ಮಾತ್ರ. ಇನ್ನೊಂದು ಸಂಖ್ಯೆಯೂ ಇದೆ, ಅದನ್ನು ಮುಚ್ಚಿಡಬಾರದು: 77 ಮಂದಿಯಲ್ಲಿ ನಾವು ಸಾಮಾನ್ಯವಾಗಿ ಹೇಳುವ ಯಾವ ಅಪಾಯಕಾರಣವೂ ಕಾಣಲಿಲ್ಲ. ಅಂದರೆ ಬೀಡಿ ಸೇದದವನಿಗೆ, ಸಕ್ಕರೆ ಇಲ್ಲದವನಿಗೆ ಎದೆನೋವು ಬಂದರೆ “ಇವನಿಗೇಕೆ ಬಂದೀತು” ಎಂದು ತಳ್ಳಿಹಾಕುವಂತಿಲ್ಲ.

ಆದರೆ ಈ ಅಧ್ಯಯನಕ್ಕೆ ಒಂದು ಮಿತಿಯುಂಟು. ಇಲ್ಲಿ ರೋಗಿಗಳನ್ನಷ್ಟೇ ಎಣಿಸಲಾಗಿದೆ, ಆರೋಗ್ಯವಂತರನ್ನು ಪಕ್ಕದಲ್ಲಿಟ್ಟು ನೋಡಿಲ್ಲ. ಸಿಂಧನೂರು ಆಸ್ಪತ್ರೆಗೆ ಬಂದ ಹೃದ್ರೋಗಿಗಳೆಲ್ಲರೂ ಸೋನಾ ಮಸೂರಿ ಅಕ್ಕಿಯನ್ನೇ ಉಣ್ಣುವವರು ಎಂದು ಕಂಡುಬಂದರೆ ಸೋನಾ ಮಸೂರಿಯೇ ಕಾರಣವೆನ್ನಲಾದೀತೇ? ಇಲ್ಲಿ ಆರೋಗ್ಯವಾಗಿರುವವರೂ ಅದನ್ನೇ ಉಣ್ಣುತ್ತಾರೆ. ಲಸಿಕೆಯ ವಿಷಯವೂ ಹಾಗೆಯೇ. ದೇಶದ ಬಹುಪಾಲು ವಯಸ್ಕರು ಲಸಿಕೆ ಪಡೆದಿರುವಾಗ ಸತ್ತವರಲ್ಲಿಯೂ ಬಹುಪಾಲು ಜನ ಲಸಿಕೆ ಪಡೆದವರೇ ಆಗಿರುತ್ತಾರೆ. ಸತ್ತವರನ್ನು ಅವರಂತೆಯೇ ಇದ್ದು ಬದುಕಿರುವವರೊಡನೆ ಹೋಲಿಸಿದಾಗ ಮಾತ್ರ ನಿಜ ತಿಳಿಯುತ್ತದೆ.

ಅಂಥ ಹೋಲಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾಡಿತು. ದೇಶದ 47 ಆಸ್ಪತ್ರೆಗಳ ನೆರವಿನಿಂದ, 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಕಾರಣ ತಿಳಿಯದೆ ಹಠಾತ್ತಾಗಿ ಸತ್ತ, 18ರಿಂದ 45 ವರ್ಷದೊಳಗಿನ 729 ಮಂದಿಯ ಮನೆಗಳಿಂದ ವಿವರ ಸಂಗ್ರಹಿಸಿದರು. ಪ್ರತಿಯೊಬ್ಬರಿಗೂ ಸರಿಸಮಾನವಾಗಿ ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ ನಾಲ್ವರಂತೆ ಒಟ್ಟು 2,916 ಮಂದಿಯನ್ನು ವಿಚಾರಿಸಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕೋವಿಡ್‌ನಿಂದಾಗಿ ಆಸ್ಪತ್ರೆ ಸೇರಿದ್ದವರಲ್ಲಿ ಹಠಾತ್ ಮರಣದ ಸಂಭವ ಸುಮಾರು ನಾಲ್ಕು ಪಟ್ಟು. ಕುಟುಂಬದಲ್ಲಿ ಹಿಂದೆ ಯಾರಾದರೂ ಹಾಗೆ ಸತ್ತಿದ್ದರೆ ಎರಡೂವರೆ ಪಟ್ಟು. ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಮದ್ಯ ಕುಡಿದಿದ್ದರೆ ಐದು ಪಟ್ಟಿಗೂ ಹೆಚ್ಚು. ಅದೇ ಅವಧಿಯಲ್ಲಿ ಅತಿಯಾದ ದೇಹಶ್ರಮ ಮಾಡಿದ್ದರೂ ಸಂಭವ ಹೆಚ್ಚಿತ್ತು. ಇನ್ನು ಎರಡು ಡೋಸ್ ಲಸಿಕೆ ಪಡೆದವರಲ್ಲಿ ಹಠಾತ್ ಮರಣದ ಸಂಭವ ಹೆಚ್ಚಿರಲಿಲ್ಲ, ಸುಮಾರು ಶೇಕಡಾ 40ರಷ್ಟು ಕಡಿಮೆಯೇ ಇತ್ತು.

ಹಾಗಾದರೆ ಲಸಿಕೆಗೆ ದೋಷವೇ ಇಲ್ಲವೇ? ಇದೆ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಬಹು ವಿರಳವಾಗಿ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಆಗಿದ್ದುಂಟು. ಅದು ಕಾಣಿಸಿಕೊಳ್ಳುವುದು ಚುಚ್ಚುಮದ್ದು ಪಡೆದ ಮೊದಲ ಕೆಲವು ವಾರಗಳಲ್ಲಿ. ವಿದೇಶಗಳಲ್ಲಿ ಬಳಸಿದ ಬೇರೊಂದು ಬಗೆಯ ಲಸಿಕೆಯಿಂದ ಹರೆಯದ ಗಂಡುಮಕ್ಕಳಲ್ಲಿ ಹೃದಯಸ್ನಾಯುವಿನ ಉರಿಯೂತವಾದದ್ದೂ ದಾಖಲಾಗಿದೆ. ಅದೂ ಕೆಲವೇ ದಿನಗಳೊಳಗೆ. 2021ರಲ್ಲಿ ಪಡೆದ ಲಸಿಕೆ ನಾಲ್ಕು ವರ್ಷ ಸುಮ್ಮನಿದ್ದು ಒಂದು ದಿನ ಎದ್ದು ಹೃದಯವನ್ನು ನಿಲ್ಲಿಸುತ್ತದೆಂಬುದಕ್ಕೆ ಆಧಾರವಿಲ್ಲ. ತಾಯಿಗೆ ನಾನು ಕೊಟ್ಟ ಉತ್ತರ ಇದೇ.

ಆದರೆ ಜ್ವರಕ್ಕೂ ಹೃದಯಕ್ಕೂ ಇರುವ ನಂಟು ನಿಜವಾದದ್ದು. ಚರಕಾಚಾರ್ಯರು ಹೃದಯವನ್ನು ರಸವಹ ಸ್ರೋತಸ್ಸಿನ ಮೂಲವೆಂದರು. ಶಿರಸ್ಸು, ಬಸ್ತಿಗಳೊಡನೆ ಅದನ್ನು ಮೂರು ಮಹಾಮರ್ಮಗಳಲ್ಲಿ ಒಂದೆಂದು ಎಣಿಸಿದರು. ಇಂದಿನ ವಿಜ್ಞಾನ ಹೇಳುವುದು ಹೀಗೆ: ರಕ್ತನಾಳದ ಒಳಮೈಗೆ ರೇಷ್ಮೆಯಂಥ ತೆಳುವಾದ ಪದರವೊಂದಿದೆ. ರಕ್ತ ಹರಿಯುವಾಗ ಅಂಟದಂತೆ, ಹೆಪ್ಪುಗಟ್ಟದಂತೆ ಕಾಯುವುದು ಅದೇ. ತೀವ್ರವಾದ ವೈರಾಣು ಜ್ವರದಲ್ಲಿ ದೇಹವು ವೈರಾಣುವಿನ ಮೇಲೆ ಹೂಡುವ ಯುದ್ಧದಿಂದ ಆ ಪದರವೇ ಉರಿಯುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಹೃದಯದ ನಾಳದಲ್ಲಿ ವರ್ಷಗಳಿಂದ ಕುಳಿತಿದ್ದ ಕೊಬ್ಬಿನ ಗಡ್ಡೆಯ ಮೇಲ್ಮೈ ಒಡೆದರೆ ಅಲ್ಲಿಯೇ ಹೆಪ್ಪು ಕಟ್ಟಿ ದಾರಿ ಮುಚ್ಚುತ್ತದೆ. ಇದು ಕೋವಿಡ್‌ಗೆ ಮಾತ್ರ ಸೀಮಿತವಲ್ಲ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇನ್‌ಫ್ಲುಯೆಂಜಾ ಎಂದು ಪ್ರಯೋಗಾಲಯದಲ್ಲಿ ದೃಢಪಟ್ಟ ನಂತರದ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಉಳಿದ ದಿನಗಳಿಗಿಂತ ಆರು ಪಟ್ಟು. ನಾವು “ಬರೀ ನೆಗಡಿ-ಜ್ವರ” ಎನ್ನುವ ಕಾಯಿಲೆ ಅದು! ವಯಸ್ಸಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಜ್ವರ ಬಂದ ವಾರದಲ್ಲಿ ಹೊಲಕ್ಕೆ ಹೋಗಗೊಡಬೇಡಿರಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಡೆಂಗಿ ಜ್ವರದಲ್ಲಿ ರಕ್ತನಾಳದ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ನಾಳದ ಗೋಡೆ ಜಿನುಗತೊಡಗುತ್ತದೆ, ರಕ್ತದ ದ್ರವಾಂಶ ಹೊರಗೆ ಸೋರುತ್ತದೆ. ವಿಚಿತ್ರವೆಂದರೆ ಇದು ಆಗುವುದು ಜ್ವರ ಏರಿದಾಗಲ್ಲ, ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೆ. ಮನೆಯವರು ಮಗು ಚೇತರಿಸಿತೆಂದು ಉಸಿರು ಬಿಡುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಕವಿಯುವುದು ಕಂಡರೆ ರಾತ್ರಿಯಾದರೂ ಹೊರಡಬೇಕು. ಪಪ್ಪಾಯಿ ಎಲೆಯ ರಸದ ಬಗ್ಗೆ ಕೇಳದವರಿಲ್ಲ. ಕೆಲವು ಪ್ರಯೋಗಗಳಲ್ಲಿ ಅದರಿಂದ ಪ್ಲೇಟ್‌ಲೆಟ್ ಸಂಖ್ಯೆ ಸ್ವಲ್ಪ ಬೇಗ ಏರಿದೆ, ನಿಜ. ಆದರೆ ಡೆಂಗಿಯಲ್ಲಿ ಕೊಲ್ಲುವುದು ಮುಖ್ಯವಾಗಿ ಆ ಸೋರಿಕೆ. ರಸವು ಸೋರಿಕೆಯನ್ನು ನಿಲ್ಲಿಸುತ್ತದೆಂದಾಗಲಿ ಪ್ರಾಣ ಉಳಿಸುತ್ತದೆಂದಾಗಲಿ ಸಿದ್ಧವಾಗಿಲ್ಲ. ಮೈಕೈ ನೋವಿಗೆಂದು ಅಂಗಡಿಯಿಂದ ಬ್ರೂಫೆನ್, ಆಸ್ಪಿರಿನ್ ತಂದು ನುಂಗಬಾರದು. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರಿಗೆ ಡೆಂಗಿ ಬಂದರೆ ತಾವಾಗಿ ಮುಂದುವರಿಸಲೂಬಾರದು, ತಾವಾಗಿ ನಿಲ್ಲಿಸಲೂಬಾರದು, ಅಂದೇ ವೈದ್ಯರನ್ನು ಕೇಳಬೇಕು. ಇನ್ನೊಂದು ಮಾತು. ಡೆಂಗಿಯ ಸೊಳ್ಳೆ ಭತ್ತದ ಗದ್ದೆಯದೆಂದು ಕ್ಯಾಂಪುಗಳಲ್ಲಿ ಹಲವರು ತಿಳಿದಿದ್ದಾರೆ. ಅದು ಹೆಚ್ಚಾಗಿ ಮೊಟ್ಟೆಯಿಡುವುದು ಎಡದಂಡೆ ಕಾಲುವೆಗೆ ನೀರು ನಿಂತಾಗ ನಾವು ಮನೆಯಲ್ಲಿ ತುಂಬಿಡುವ ಡ್ರಮ್ಮು, ತೊಟ್ಟಿಗಳ ತಿಳಿನೀರಿನಲ್ಲಿ.

ಔಷಧವೊಂದು ನಿಜಕ್ಕೂ ಗುಣ ಮಾಡಿತೋ ಅಥವಾ ರೋಗಿ ತಾನಾಗಿಯೇ ಗುಣ ಹೊಂದಿದನೋ ಎಂಬುದನ್ನು ತಿಳಿಯುವುದು ಹೇಗೆ? ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಈ ಪ್ರಶ್ನೆ ನನ್ನನ್ನು ಕಾಡಿದ್ದೇ ಇಲ್ಲ. ಕೊಟ್ಟೆ, ಗುಣವಾಯಿತು, ಆದ್ದರಿಂದ ಔಷಧ ಒಳ್ಳೆಯದು, ಅಷ್ಟೇ. ಆದರೆ ಹತ್ತು ಜ್ವರಗಳಲ್ಲಿ ಒಂಬತ್ತು ಏನು ಕೊಟ್ಟರೂ ಇಳಿಯುತ್ತವೆ. ಆದ್ದರಿಂದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಕೊಟ್ಟು ಇನ್ನೊಂದಕ್ಕೆ ಕೊಡದೆ ಎಣಿಸುವ ಕ್ರಮ ಬಂತು. ಯಾವ ಗುಂಪಿಗೆ ಯಾರು ಎಂಬುದನ್ನು ವೈದ್ಯನ ಮನಸ್ಸು ನಿರ್ಧರಿಸಬಾರದು.

2020ರಲ್ಲಿ ಬ್ರಿಟನ್ನಿನಲ್ಲಿ ಹೀಗೆ ನಡೆದ ರಿಕವರಿ ಎಂಬ ಪ್ರಯೋಗದಲ್ಲಿ, ಹಳೆಯದಾದ, ಅಗ್ಗವಾದ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೋವಿಡ್‌ನಲ್ಲಿ ಪ್ರಾಣ ಉಳಿಸುವುದು ಕಂಡಿತು. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನಗಳೊಳಗಿನ ಮರಣ ಶೇಕಡಾ 41ರಿಂದ 29ಕ್ಕೆ ಇಳಿಯಿತು. ಆಮ್ಲಜನಕದ ಮೇಲಿದ್ದವರಿಗೂ ಸ್ವಲ್ಪ ಲಾಭವಾಯಿತು. ಆಮ್ಲಜನಕವೇ ಬೇಡವಾಗಿದ್ದವರಿಗೆ ಲಾಭವಿಲ್ಲ, ಬಹುಶಃ ಹಾನಿಯೇ. ಒಂದೇ ಔಷಧ, ಒಂದೇ ರೋಗ, ಅವಸ್ಥೆ ಬದಲಾದರೆ ಫಲ ಬೇರೆ. ರೋಗದ ಅವಸ್ಥೆಯನ್ನೂ ಕಾಲವನ್ನೂ ನೋಡಿ ಔಷಧ ಕೊಡಬೇಕೆಂದು ಓದಿ ಬಂದ ನಮಗೆ ಇದು ಹೊಸದಾಗಬಾರದಿತ್ತು. ಆದರೂ 2021ರ ಎರಡನೆಯ ಅಲೆಯಲ್ಲಿ ಮೊದಲ ದಿನದ ಜ್ವರಕ್ಕೇ ಸ್ಟಿರಾಯ್ಡ್ ನುಂಗಿದವರೆಷ್ಟೋ ಮಂದಿ. ಸಕ್ಕರೆ ಏರಿ, ಕಪ್ಪು ಶಿಲೀಂಧ್ರ ತಗುಲಿ ಕಣ್ಣು ಕಳೆದುಕೊಂಡವರನ್ನು ನಾಡು ಕಂಡಿತು.

ಪ್ಲಾಸ್ಮಾ ಚಿಕಿತ್ಸೆಯ ಕಥೆ ಇದಕ್ಕೆ ವಿರುದ್ಧ. ಗುಣವಾದವರ ರಕ್ತದ ಪ್ಲಾಸ್ಮಾಕ್ಕಾಗಿ ಬಂಧುಗಳು ರಕ್ತನಿಧಿಯಿಂದ ರಕ್ತನಿಧಿಗೆ ಅಲೆದರು, ಸಾಲ ಮಾಡಿದರು. ಆದರೆ ನಮ್ಮದೇ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆದ ಪ್ಲಾಸಿಡ್ ಎಂಬ ಪ್ರಯೋಗವು, ರೋಗ ಉಲ್ಬಣಿಸುವುದನ್ನಾಗಲಿ ಮರಣವನ್ನಾಗಲಿ ಪ್ಲಾಸ್ಮಾ ತಡೆಯಲಿಲ್ಲವೆಂದು 2020ರಲ್ಲಿಯೇ ತೋರಿಸಿತ್ತು. ಆ ಅಲೆದಾಟ ಅದರ ನಂತರವೂ ನಡೆಯಿತೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಸಂಖ್ಯೆಗಳನ್ನು ಬೇಕಾದಂತೆ ಹಿಂಡಿದರೆ ಏನಾಗುತ್ತದೆಂಬುದಕ್ಕೆ ಹೃದ್ರೋಗ ಶಾಸ್ತ್ರದಲ್ಲಿ ಒಂದು ಸ್ವಾರಸ್ಯದ ಉದಾಹರಣೆಯಿದೆ. 1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದಲ್ಲಿ ಹೃದಯಾಘಾತವಾದ 17,187 ಮಂದಿ ಇದ್ದರು. ಆಸ್ಪಿರಿನ್ ಮರಣವನ್ನು ಸುಮಾರು ಕಾಲುಭಾಗದಷ್ಟು ತಗ್ಗಿಸಿತು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಕೂಡ ಅಷ್ಟೇ ತಗ್ಗಿಸಿತು. ಎರಡೂ ಸೇರಿದಾಗ ಸುಮಾರು ಶೇಕಡಾ 42. ಪತ್ರಿಕೆಯ ಸಂಪಾದಕರು ರೋಗಿಗಳನ್ನು ಹತ್ತಾರು ಉಪಗುಂಪುಗಳಾಗಿ ಒಡೆದು ತೋರಿಸಬೇಕೆಂದು ಒತ್ತಾಯಿಸಿದಾಗ ಸಂಶೋಧಕರು ಜನ್ಮರಾಶಿಯ ಪ್ರಕಾರವೂ ಒಡೆದು ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವಿಲ್ಲವೆಂದು ಲೆಕ್ಕ ಹೇಳಿತು! ಅದು ಬರೀ ಕಾಕತಾಳೀಯ, ಚೂರು ಮಾಡಿದಷ್ಟೂ ಸುಳ್ಳು ಹುಟ್ಟುತ್ತದೆ ಎಂದು ತೋರಿಸಲೆಂದೇ ಅವರು ಹಾಗೆ ಮಾಡಿದ್ದು. ಕಾಲ-ರಾಶಿಗಳ ಶುಭಾಶುಭವನ್ನು ಒಪ್ಪದ ಶರಣರ ಅನುಯಾಯಿಗಳಾದ ನಾವು ಇದನ್ನು ಓದಿ ನಗಬಹುದು. ಆದರೆ “ನಮ್ಮ ಓಣಿಯ ನಾಲ್ವರಿಗೆ ಹೀಗಾಯಿತು” ಎಂಬ ಮಾತನ್ನು ನಂಬುವಾಗ ನಾವೂ ಅದೇ ತಪ್ಪು ಮಾಡುತ್ತಿರುತ್ತೇವೆ.

ಈಗ ನಮ್ಮ ಮೂಲಿಕೆಗಳ ವಿಚಾರ. ಸರ್ಪಗಂಧವನ್ನು ಮೊದಲು ನೆನೆಯಬೇಕು. ಮುಂಬಯಿಯ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲರು 50 ರೋಗಿಗಳಿಗೆ ಅದನ್ನು ಕೊಟ್ಟು, ರಕ್ತದೊತ್ತಡ ಇಳಿಯುವುದನ್ನು ದಾಖಲಿಸಿ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತು ಅದನ್ನು ಒಪ್ಪಿತು, ಅದರಿಂದ ಔಷಧ ತಯಾರಿಸಿತು. ಮನಸ್ಸು ಕುಗ್ಗಿಸುವ ಅದರ ದುಷ್ಪರಿಣಾಮವೂ ಮುಂದೆ ಗೊತ್ತಾಯಿತು. ಇಂದು ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳಿವೆ. ನಮ್ಮ ಮೂಲಿಕೆ ಪರೀಕ್ಷೆಗೆ ಒಳಗಾಗಿ ಗೆದ್ದದ್ದಕ್ಕೂ ಅದರ ಮಿತಿ ತಿಳಿದದ್ದಕ್ಕೂ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಅರ್ಜುನ, ಅಂದರೆ ಹೊಳೆಮತ್ತಿ, ನನಗೆ ಪ್ರಿಯವಾದ ಮರ. ಹಾಲಿನಲ್ಲಿ ಕುದಿಸಿದ ಅದರ ತೊಗಟೆಯ ಕ್ಷೀರಪಾಕವನ್ನು ನಾನೂ ಕೊಡುತ್ತೇನೆ. 1995ರಲ್ಲಿ ಇಂದೋರಿನ ವೈದ್ಯರು ಹೃದಯ ಸೋತ 12 ರೋಗಿಗಳಿಗೆ ರೂಢಿಯ ಔಷಧಗಳ ಜೊತೆಗೆ ಅರ್ಜುನದ ಸಾರ ಕೊಟ್ಟು ಒಳ್ಳೆಯ ಫಲ ಕಂಡರು. ನಾವೆಲ್ಲ ಹಿಗ್ಗಿದೆವು. ಆದರೆ 12 ಮಂದಿ ಎಂದರೆ ಒಂದು ಪಂಕ್ತಿಯೂ ಅಲ್ಲ. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಅಂಥ 100 ರೋಗಿಗಳ ಮೇಲೆ 12 ವಾರಗಳ ಪ್ರಯೋಗ ನಡೆದು 2016ರಲ್ಲಿ ಪ್ರಕಟವಾಯಿತು. ಹೃದಯ ರಕ್ತವನ್ನು ಒತ್ತುವ ಶಕ್ತಿ ಹೆಚ್ಚಲಿಲ್ಲ. ಕೆಲವರ ಆಯಾಸ, ನಡೆಯುವ ಶಕ್ತಿಗಳಲ್ಲಿ ಒಂದಿಷ್ಟು ಸುಧಾರಣೆ ಕಂಡಿತು, ಅಷ್ಟೇ. ಈ ಎರಡೂ ಪ್ರಯೋಗಗಳಲ್ಲಿ ಅರ್ಜುನವನ್ನು ಕೊಟ್ಟದ್ದು ಮಾತ್ರೆಗಳ ಜೊತೆಗೆ. ಮಾತ್ರೆ ಬಿಡಿಸಿ ಬರೀ ಅರ್ಜುನ ಕೊಟ್ಟು ಹೃದ್ರೋಗಿಯನ್ನು ಕಾಪಾಡಿದ ಪ್ರಯೋಗ ನನ್ನ ಕಣ್ಣಿಗೆ ಬಿದ್ದಿಲ್ಲ. ಕೋವಿಡ್ ಕಾಲದಲ್ಲಿ ಸರ್ಕಾರ ಹಂಚಿದ ಆಯುಷ್-64 ಮಾತ್ರೆಯನ್ನೂ ಸೌಮ್ಯವಾದ ಮತ್ತು ಮಧ್ಯಮ ಸ್ವರೂಪದ ರೋಗಕ್ಕೆ, ರೂಢಿಯ ಚಿಕಿತ್ಸೆಗೆ ಪೂರಕವಾಗಿ ಎಂದೇ ಸೂಚಿಸಲಾಗಿತ್ತು. ಪೂರಕ ಎಂಬ ಪದವನ್ನು ನಮ್ಮವರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ಭತ್ತದ ಸುಗ್ಗಿಯ ಒಂದು ರಾತ್ರಿ ಐವತ್ತರ ಆಸುಪಾಸಿನ ರೈತರೊಬ್ಬರು ಎದೆಗುಂಡಿಗೆಯ ಕೆಳಗೆ ಉರಿ, ಹೊಟ್ಟೆಯುಬ್ಬರ ಎಂದು ಬಂದರು. ಮೈ ಬೆವರುತ್ತಿತ್ತು. ಮಧ್ಯಾಹ್ನ ಮಿರ್ಚಿ ಭಜಿ ತಿಂದಿದ್ದೆ ಎಂದರು. ನಾಡಿ ಹಿಡಿದು ನೋಡಿದೆ. ವಾಯುವೆಂದು ತೀರ್ಮಾನಿಸಿ ಹಿಂಗ್ವಾಷ್ಟಕ ಚೂರ್ಣ, ಬಿಸಿನೀರು ಕೊಟ್ಟೆ. ಒಂದೆರಡು ತೇಗು ಬಂದು ಹಗುರವಾಯಿತೆಂದರು, ಕೈಮುಗಿದು ಹೋದರು. ಬೆಳಗಿನ ಜಾವ ಅವರ ತಮ್ಮ ಬಂದು ಸುದ್ದಿ ಹೇಳಿದ. ಆ ಬೆವರು ಏನೆಂದು ನನಗೆ ತಿಳಿದಿರಬೇಕಿತ್ತು. ಇ.ಸಿ.ಜಿ. ಇರುವಲ್ಲಿಗೆ ಅಂದೇ ಕಳುಹಿಸಬೇಕಿತ್ತು. ಅಂದಿನಿಂದ ಮೂವತ್ತೈದು ದಾಟಿದವರು ಬೆವರಿನೊಡನೆ “ಗ್ಯಾಸ್” ಎಂದು ಬಂದರೆ ಮೊದಲು ಇ.ಸಿ.ಜಿ., ಆಮೇಲೆ ಚೂರ್ಣ.

“ನಾವು ಮಾಂಸ ಮುಟ್ಟುವುದಿಲ್ಲ, ನಮಗೆಲ್ಲಿಯ ಹೃದ್ರೋಗ” ಎಂದು ನಮ್ಮ ಭಕ್ತರು ಹೇಳುವುದನ್ನು ಕೇಳಿದ್ದೇನೆ. ಕ್ಯಾಂಪಿನ ಬಂಗಾಳಿ ನೆರೆಯವರು ಮೀನು ಉಣ್ಣುತ್ತಾರೆಂದು ಅವರ ಬಗ್ಗೆ ಮರುಗುವವರೂ ಉಂಟು. ಹಬ್ಬಕ್ಕೆ ಕರಿದದ್ದು, ದಿನಕ್ಕೆ ಆರು ಸಲ ಸಕ್ಕರೆ ಚಹಾ, ಮೂರು ಹೊತ್ತು ಬಿಳಿ ಅನ್ನ, ಕಿಸೆಯಲ್ಲಿ ಗುಟ್ಕಾ ಇರುವಾಗ ಶಾಕಾಹಾರವೊಂದೇ ಏನು ಮಾಡೀತು? ಲಿಂಗಪೂಜೆಯ ಹೊತ್ತಿಗೆ ಮಾತ್ರ ಬಾಯಿ ತೊಳೆದು ಉಳಿದ ಹೊತ್ತು ತಂಬಾಕು ಜಗಿಯುವವರನ್ನು ಪೂಜ್ಯರೂ ಎಷ್ಟೋ ಸಲ ಗದರಿದ್ದಾರೆ.

ಎದೆಯ ನಡುವೆ ಹಿಂಡಿದಂಥ ನೋವು, ಭಾರ ಅಥವಾ ಉರಿ. ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವ ನೋವು. ತಣ್ಣನೆಯ ಬೆವರು, ಉಸಿರು ಸಾಲದಿರುವುದು ಇವು ಹತ್ತು-ಹದಿನೈದು ನಿಮಿಷ ನಿಂತರೆ ಸೋಡಾ, ಜೀರಿಗೆ ನೀರು ಎನ್ನುತ್ತ ಕೂಡದಿರಿ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಬರುತ್ತದೆ. ಆಸ್ಪಿರಿನ್ ಒಗ್ಗದಿರುವುದು, ಹೊಟ್ಟೆಯಲ್ಲಿ ರಕ್ತಸ್ರಾವ, ಡೆಂಗಿ ಇವು ಯಾವುವೂ ಇಲ್ಲದಿದ್ದರೆ 300 ಮಿ.ಗ್ರಾಂ.ನಷ್ಟು ಆಸ್ಪಿರಿನ್ ಅಗಿದು ನುಂಗಬಹುದು. ರೋಗಿ ತಾನೇ ಬೈಕ್ ಓಡಿಸಿಕೊಂಡು ಹೋಗಬಾರದು. 108ಕ್ಕೆ ಕರೆ ಮಾಡಿರಿ. ರಾಯಚೂರು ನಮಗೆ ಸುಮಾರು 90 ಕಿ.ಮೀ. ದೂರ, ಜಯದೇವದ ಶಾಖೆ ಇರುವ ಕಲಬುರಗಿ ಇನ್ನೂ ದೂರ. ಆದ್ದರಿಂದ ನೇರ ಅಲ್ಲಿಗೆ ಓಡದೆ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಿರಿ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ತಜ್ಞರು ಅಲ್ಲಿಂದಲೇ ನೋಡುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯೇ ಎಂದು ಆರೋಗ್ಯವಾಗಿರುವಾಗಲೇ ಹೋಗಿ ವಿಚಾರಿಸಿಟ್ಟುಕೊಳ್ಳಿರಿ.

ಆ ತಾಯಿಯ ಮಗ ಮಾತ್ರೆಯನ್ನು ಮತ್ತೆ ಆರಂಭಿಸಿದ್ದಾನೆ. ಮೂರು ವಾರಗಳ ನಂತರ ಬಂದಾಗ 138/88 ಇತ್ತು. ಅರ್ಜುನ ಬಿಡಲೇ ಎಂದು ಕೇಳಿದ. ಬೇಡಪ್ಪಾ, ಎರಡೂ ಇರಲಿ, ಆದರೆ ಆಸ್ಪತ್ರೆಯ ಡಾಕ್ಟರಿಗೂ ಕಷಾಯದ ವಿಷಯ ತಿಳಿಸು ಎಂದೆ. ಬರುವ ಅಮಾವಾಸ್ಯೆಯಂದು ಬೆಳಿಗ್ಗೆ ಪೂಜೆಯ ನಂತರ ಶ್ರೀಮಠದ ದಾಸೋಹ ಭವನದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆಗೆ ಕೂಡುತ್ತೇನೆ. ಬರುವವರು ತಾವು ನುಂಗುವ ಮಾತ್ರೆ, ಚೂರ್ಣ, ಕಷಾಯ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿರಿ.